ದೈವ ಹೇಳಿತೇ, ನಾವು ಹೇಳಿಸಿದೆವೇ?

‘ಕಾಂತಾರ’ (2022) ಬಂದ ಮೇಲೆ ಕಾಡಿನ ದೈವಗಳ ಬಗ್ಗೆ ಬರೆಯುವವರಲ್ಲಿ ಬಹಳಷ್ಟು ಮಂದಿ ಒಂದೇ ರಾಗ ಹಿಡಿದಿದ್ದಾರೆ: ದೈವ ಇದ್ದಲ್ಲಿ ಕಾಡು ಉಳಿಯುತ್ತದೆ, ಕಾಡಿನವರಿಗೆ ನ್ಯಾಯ ಸಿಗುತ್ತದೆ. ಪಂಜುರ್ಲಿ, ಗುಳಿಗರ ಮಾತನ್ನು ತುಳುನಾಡಿನವರೇ ಆಡಲಿ. ನಮ್ಮ ತೆಂಗಿನ ಸೀಮೆಯಲ್ಲಿ ನಿಂತವನಿಗೆ ಈ ರಾಗ ಪೂರ್ತಿ ಹೊಂದುವುದಿಲ್ಲ.

ತಿಪಟೂರಿನಿಂದ ಹುಳಿಯಾರು ದಾಟಿ ಶಿರಾ ಕಡೆ ಹೋದಂತೆ ತೋಟ ತೆಳುವಾಗಿ ಜಾಲಿ, ಕುರುಚಲು ಶುರುವಾಗುತ್ತದೆ. ಅದು ಕಾಡುಗೊಲ್ಲರ ನೆಲ. ಅವರ ಜುಂಜಪ್ಪ ಮರದಲ್ಲಿ ಕೂತ ದೈವವಲ್ಲ, ದನ ಕಾಯ್ದು ದೇವರಾದವನು. ಶಿರಾ ತಾಲ್ಲೂಕಿನಲ್ಲಿ ಅವನ ಹೆಸರಿನ ಗುಡ್ಡವೇ ಇದೆ. ನಾನು ಹೋದದ್ದು ಹಟ್ಟಿಯೊಂದರ ಸಣ್ಣ ಗುಡಿಗೆ. ಅಲ್ಲಿನ ಅಜ್ಜ ಗಣೆ ಊದಿದರು. ಗಣೆಯೆಂದರೆ ಉದ್ದನೆಯ ಬಿದಿರ ಕೊಳಲು. ಜುಂಜಪ್ಪನ ಕತೆ ಅದರ ಜೊತೆಗೇ ಹಾಡಿಕೊಂಡು ಬಂದದ್ದು. ಸಿನಿಮಾದ ಆರ್ಭಟ ಕೇಳಿದ ಕಿವಿಗೆ ಆ ದನಿ ಸಣ್ಣದು, ಉಸಿರೇ ಜಾಸ್ತಿ. ದನ ಹಿಂದಿರುಗಲಿ ಎಂದು ಸಂಜೆ ಕರೆದ ಹಾಗೆ. ಬಡಮೈಲನೆಂಬ ಎತ್ತಿಗೆ ಆ ಕತೆಯಲ್ಲಿ ಇರುವ ಮರ್ಯಾದೆಯನ್ನು ‘ಕಾಂತಾರ’ ತನ್ನ ಯಾವ ಪ್ರಾಣಿಗೂ ಕೊಟ್ಟಿಲ್ಲ. ಅಲ್ಲಿ ಹಂದಿ ಬೇಟೆಗೆ ಸಿಗುತ್ತದೆ, ಇಲ್ಲವೇ ದೈವವಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನದೂ ಅದೇ ರಾಗ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನು ಸೂತಕವೆಂದು ಹಟ್ಟಿಯ ಹೊರಗೆ ಗುಡಿಸಲಲ್ಲಿ ಇಟ್ಟರು. ಮಳೆ, ಚಳಿ. ಹಸುಗೂಸು ತೀರಿಕೊಂಡಿತು. ಹಟ್ಟಿಯ ಬೇಲಿ ದೇವರ ಮಡಿಗೆ ಎನ್ನುತ್ತಾರೆ. ಅದು ಯಾರನ್ನು ಹೊರಗೆ ಹಾಕುತ್ತದೆ ಎಂಬುದನ್ನು ಜಾನಪದದ ಸೊಬಗನ್ನು ಕೊಂಡಾಡುವ ಲೇಖನಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. (ಜಪಾನಿನ ಶಿಂಟೋ ಗುಡಿಗಳನ್ನು ಪ್ರಕೃತಿಪೂಜೆಯೆಂದು ಹಾಡಿಹೊಗಳುವವರೂ ಅಲ್ಲಿ ಹೆರಿಗೆ, ಮುಟ್ಟುಗಳನ್ನು ಮೈಲಿಗೆ ಎಂದುಕೊಂಡು ಬಂದದ್ದನ್ನು ಹೀಗೆಯೇ ಜಾರಿಸಿಬಿಡುತ್ತಾರೆ.)

‘ಕಾಂತಾರ’ದ ದೊಡ್ಡ ಅನುಕೂಲವೆಂದರೆ ಅಲ್ಲಿ ದೈವ ತಾನೇ ಮಾತಾಡುತ್ತದೆ. ಧಣಿ ಕೆಟ್ಟವನೆಂದು ಪ್ರೇಕ್ಷಕನಿಗೆ ಗೊತ್ತಾದ ಮೇಲೆಯೇ ದೈವ ತೀರ್ಪು ಕೊಡುವುದರಿಂದ ಆ ತೀರ್ಪು ತಪ್ಪಾಗುವ ಹೆದರಿಕೆಯೇ ಇಲ್ಲ. ಲೀಲಾಳಂಥ ಫಾರೆಸ್ಟ್ ಗಾರ್ಡ್ ಆ ದೈವದೆದುರು ಏನನ್ನೂ ಕೇಳಬೇಕಾಗಿ ಬರುವುದಿಲ್ಲ. ಹಟ್ಟಿಯಲ್ಲಿ ನಾನು ಕೇಳಿದೆ: ಹೆಣ್ಣುಮಕ್ಕಳನ್ನು ಹೊರಗಿಡಿ ಅಂತ ಜುಂಜಪ್ಪನ ಕತೆಯಲ್ಲಿ ಎಲ್ಲಿದೆ ಅಜ್ಜ?

“ಕತೇಲಿ ಎಲ್ಲೈತೆ ಸ್ವಾಮಿ, ನಾವು ನಡೆಸ್ಕಂಡು ಬಂದಿರದು” ಎಂದರು. ಗುಡಿಯ ಹೊಸಿಲಾಚೆ ನಿಂತಿದ್ದ ಅವರ ಸೊಸೆ ಮಾತ್ರ ಮೆಲ್ಲಗೆ ನಕ್ಕಳು.