ಭಕ್ತಿ ಮತ್ತು ವಿಚಾರಗಳ ನಡುವೆ ಬೆರಗು: ಗಡಿನಾಡಿನ ಮಕ್ಕಳಿಗೆ ಅದ್ಭುತ–ಸಾಹಸ ಕಥನ

ಕನ್ನಡ ಮಕ್ಕಳ ಸಾಹಿತ್ಯದ ಚರ್ಚೆ ಬಹುಮಟ್ಟಿಗೆ ಶಿಶುಗೀತೆಯ ಸುತ್ತ ನಡೆದಿದೆ. ಗದ್ಯದ ಪ್ರಸ್ತಾಪ ಬಂದಾಗಲೂ ನೀತಿಕಥೆ ಮತ್ತು ಮಹಾಪುರುಷರ ಜೀವನಚರಿತ್ರೆಗಳು ಮುಂದೆ ಬರುತ್ತವೆ. ಹತ್ತರಿಂದ ಹದಿನಾರರ ಪ್ರಾಯದ ಓದುಗರನ್ನು ಹಿಡಿದಿಡುವ ಅದ್ಭುತ ಕಥನ, ಸಾಹಸ ಕಥನಗಳು ವಿಮರ್ಶೆಯ ಅಂಚಿನಲ್ಲಿಯೇ ಉಳಿದಿವೆ. ಬೆಂಗಳೂರಿನಲ್ಲಿ ಕುಳಿತು ನೋಡಿದರೆ ಇದೊಂದು ಸಾಹಿತ್ಯಪ್ರಕಾರದ ಕೊರತೆ ಮಾತ್ರ. ಕಾಸರಗೋಡು ಜಿಲ್ಲೆಯ ಕುಂಬ್ಡಾಜೆಯಂತಹ ಗ್ರಾಮದಿಂದ ನೋಡಿದರೆ ಇದು ಭಾಷೆಯ ಬದುಕಿಗೇ ಸಂಬಂಧಿಸಿದ ಪ್ರಶ್ನೆ.

ಇಲ್ಲಿನ ಮಗುವಿನ ಮನೆಮಾತು ತುಳು, ಹವ್ಯಕ ಕನ್ನಡ, ಕರಾಡ, ಮಲಯಾಳ ಇವುಗಳಲ್ಲಿ ಯಾವುದೂ ಆಗಿರಬಹುದು. ಕನ್ನಡ ಮಾಧ್ಯಮದಲ್ಲಿ ಕಲಿಯುವ ಅನೇಕ ಮಕ್ಕಳಿಗೆ ಗ್ರಂಥಸ್ಥ ಕನ್ನಡವು ಶಾಲೆಯಲ್ಲಿ ಕಲಿತ ಭಾಷೆ. 1956ರ ನವೆಂಬರ್ 1ರಂದು ಈ ಪ್ರದೇಶ ಕೇರಳಕ್ಕೆ ಸೇರಿದ ಮೇಲೆ ಕನ್ನಡದ ಪರವಾದ ವಾದವೆಲ್ಲ ಹಕ್ಕಿನ ಪರಿಭಾಷೆಯಲ್ಲಿ ಮಂಡಿತವಾಗಿದೆ. 2017ರಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಶಾಸನ ಬಂದಾಗಲೂ ಹಾಗೆಯೇ ಆಯಿತು. ಆ ಹೋರಾಟ ಅಗತ್ಯವಾದುದೇ. ಆದರೆ ಶಾಸನದ ರಕ್ಷಣೆ ಪಾಠಪುಸ್ತಕವನ್ನು ಒದಗಿಸಬಹುದೇ ಹೊರತು, ಪರೀಕ್ಷೆಯ ಹಂಗಿಲ್ಲದೆ ಮಗು ತಾನಾಗಿ ಕೈಗೆತ್ತಿಕೊಳ್ಳುವ ಪುಸ್ತಕವನ್ನು ಒದಗಿಸಲಾರದು. ಅಂತಹ ಓದು ಯಾವ ಭಾಷೆಯಲ್ಲಿ ದೊರೆಯುತ್ತದೋ ಆ ಭಾಷೆಯೇ ಮಗುವಿನ ಖಾಸಗಿ ಭಾಷೆಯಾಗುತ್ತದೆ.

ಪಕ್ಕದ ಮಲಯಾಳದ ಉದಾಹರಣೆ ಇಲ್ಲಿ ಉಪಯುಕ್ತ. ಕೊಟ್ಟಾರತ್ತಿಲ್ ಶಂಕುಣ್ಣಿಯವರ ‘ಐತಿಹ್ಯಮಾಲಾ’ 1909ರಿಂದ 1934ರ ವರೆಗಿನ ಅವಧಿಯಲ್ಲಿ ಎಂಟು ಭಾಗಗಳಾಗಿ ಬಂದಿತು. ಮಾಂತ್ರಿಕರು, ಯಕ್ಷಿಯರು, ಕಳ್ಳರು, ಆನೆಗಳು ಅದರಿಂದಾಗಿ ಸಾಮಾನ್ಯ ಓದುಗರ ಸೊತ್ತಾದುವು. ಮುಂದೆ 1984ರಲ್ಲಿ, ಅಂದರೆ ಕಾಸರಗೋಡು ಜಿಲ್ಲೆ ರೂಪುಗೊಂಡ ವರ್ಷದಲ್ಲಿಯೇ, ‘ಬಾಲರಮ’ದ ಚಿತ್ರಕಥೆಯಲ್ಲಿ ‘ಮಾಯಾವಿ’ ಕಾಣಿಸಿಕೊಂಡ. ‘ಮೈ ಡಿಯರ್ ಕುಟ್ಟಿಚ್ಚಾತ್ತನ್’ ಚಲನಚಿತ್ರವೂ ಆ ವರ್ಷವೇ ತೆರೆಗೆ ಬಂದಿತು. ಎರಡರಲ್ಲಿಯೂ ಕಥಾನಾಯಕ ಕುಟ್ಟಿಚ್ಚಾತ್ತನ್. ಮಲಬಾರಿನಲ್ಲಿ ತೆಯ್ಯವಾಗಿ ಕಟ್ಟಿ ಆರಾಧಿಸಲ್ಪಡುವ ಶಕ್ತಿಯೇ ಮಕ್ಕಳ ಗೆಳೆಯನಾಗಿಯೂ ಬಂದಿದೆ. ಆರಾಧನೆ ಇದರಿಂದ ನಿಂತಿಲ್ಲ. ಒಂದೇ ಹೆಸರು ಕಾವಿನಲ್ಲಿ ಒಂದು ರೀತಿ, ಪುಟದಲ್ಲಿ ಇನ್ನೊಂದು ರೀತಿ ಬದುಕಬಹುದೆಂಬುದನ್ನು ಆ ಸಮಾಜ ಹೆಚ್ಚು ಗದ್ದಲವಿಲ್ಲದೆ ಒಪ್ಪಿಕೊಂಡಿತು.

ತುಳುನಾಡಿನ ಕಥಾಸಂಪತ್ತು ಇದಕ್ಕಿಂತ ಕಡಿಮೆಯದಲ್ಲ. ಆದರೆ ಪಾಡ್ದನಗಳು ಅಚ್ಚಿಗೆ ಬಂದ ಬಗೆಯೇ ಬೇರೆ. 1886ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಮ್ಯಾನರ್ ಅವರ ಸಂಗ್ರಹ ಪ್ರಕಟವಾಯಿತು. ಬರ್ನೆಲ್ ಅವರ ಸಂಗ್ರಹ 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬಂದಾಗ ಅದರ ಶೀರ್ಷಿಕೆಯಲ್ಲಿಯೇ ದೈವಾರಾಧನೆಯು ಪಿಶಾಚಾರಾಧನೆಯಾಗಿತ್ತು. ಹೀಗೆ ಪಾಡ್ದನವು ಮೊದಲು ಮತಾಂತರದ, ಮಾನವಶಾಸ್ತ್ರದ ದಾಖಲೆಯಾಯಿತು. ಬಳಿಕ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಜಾನಪದ ಸಂಶೋಧನೆಯ ಸಾಮಗ್ರಿಯಾಯಿತು. ಕಥೆಯಾಗಿ, ಕಥೆಯ ಸುಖಕ್ಕಾಗಿ ಅದನ್ನು ಓದಿಸಿದ ಪ್ರಯತ್ನಗಳು ವಿರಳ.

ಈ ವಿರಳತೆಗೆ ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ಭಕ್ತಿ: ನೇಮಕಟ್ಟಿ ಕೈಮುಗಿಯುವ ದೈವವನ್ನು ಕಾಲ್ಪನಿಕ ಪಾತ್ರವಾಗಿಸುವುದಕ್ಕೆ ನಂಬುವವರಿಗೆ ಅಳುಕು. ಎರಡನೆಯದು ವಿಚಾರ: ಮಕ್ಕಳಲ್ಲಿ ಮೂಢನಂಬಿಕೆ ಬಿತ್ತಬಾರದೆಂಬ ಕಾಳಜಿಯುಳ್ಳ ಲೇಖಕರಿಗೂ ಭೂತದ ಕಥೆ ವರ್ಜ್ಯ. ಪರಸ್ಪರ ವಿರುದ್ಧವಾದ ಈ ನಿಲುವುಗಳೆರಡೂ ಮಗುವಿನ ಪಾಲಿಗೆ ಒಂದೇ ಫಲವನ್ನು ಕೊಟ್ಟಿವೆ. ಪಾಶ್ಚಾತ್ಯ ಸಿದ್ಧಾಂತವೂ ಇಲ್ಲಿ ನೇರವಾಗಿ ನೆರವಿಗೆ ಬರುವುದಿಲ್ಲ. ಘಟನೆ ಸಹಜವೋ ಅತಿಮಾನುಷವೋ ಎಂಬ ಓದುಗನ ಅನಿಶ್ಚಯದಲ್ಲಿ ಅದ್ಭುತ ಹುಟ್ಟುತ್ತದೆಂದು 1970ರಲ್ಲಿ ತೊದೊರೊವ್ ವಾದಿಸಿದರು. ಮನೆಯ ಅಂಗಳದಾಚೆಯೇ ಗುಳಿಗನ ಕಲ್ಲು ಇರುವ ಮಗುವಿಗೆ ಅಂತಹ ಅನಿಶ್ಚಯವಿಲ್ಲ. ಗುಳಿಗ ಅದರ ನೆರೆಕರೆಯವನು. ನಂಬಿಕೆ ಜೀವಂತವಾಗಿರುವಲ್ಲಿ ಅದ್ಭುತ ಕಥನ ಹೇಗಿರಬೇಕೆಂಬ ಪ್ರಶ್ನೆಗೆ ಉತ್ತರವನ್ನು ನಮ್ಮ ಬರವಣಿಗೆಯೊಳಗೇ ಹುಡುಕಬೇಕಾಗುತ್ತದೆ.

ಪಂಜೆ ಮಂಗೇಶರಾಯರು (1874–1937) ಒಂದು ದಾರಿ ತೋರಿಸಿದ್ದರು. ಅವರ ‘ಕೋಟಿ ಚೆನ್ನಯ’ದಲ್ಲಿ ಗರಡಿಯ ಆರಾಧ್ಯರು ಪಡುಮಲೆಯ ಬಾಲಕರಾಗಿ, ಬಲ್ಲಾಳನ ಮಾತಿಗೆ ತಪ್ಪುವ ಗುಣವನ್ನು ಎದುರಿಸುವ ಯುವಕರಾಗಿ, ಎಣ್ಮೂರಿನ ಕಾಳಗದ ವೀರರಾಗಿ ಓದುಗರ ಮುಂದೆ ನಿಲ್ಲುತ್ತಾರೆ. ಅಲ್ಲಿ ಪೂಜೆಯ ಆಗ್ರಹವಿಲ್ಲ, ಖಂಡನೆಯ ಹಟವೂ ಇಲ್ಲ. ಪಡುಮಲೆ ಇಂದಿನ ಪುತ್ತೂರು ತಾಲೂಕಿನಲ್ಲಿದೆ. ಕುಂಬ್ಡಾಜೆಯ ಮಗುವಿಗೆ ಅದು ರಾಜ್ಯದ ಗಡಿಯಾಚೆಗಿನ ಊರಾದರೂ ನೆಂಟರಿಷ್ಟರ ಸೀಮೆಯೇ. ಕುವೆಂಪು ಬ್ರೌನಿಂಗನ ಹ್ಯಾಮೆಲಿನ್ನನ್ನು ಬೊಮ್ಮನಹಳ್ಳಿಯಾಗಿಸಿದಾಗಲೂ ನಡೆದದ್ದು ಕೇವಲ ಅನುವಾದವಲ್ಲ. ಅದ್ಭುತಕ್ಕೆ ಒಂದು ಕನ್ನಡ ಊರು ಸಿಕ್ಕಿತು. ಊರು ನಂಬುವಂತಿದ್ದರೆ ಮಾತ್ರ ಅಲ್ಲಿಗೆ ಬಂದ ಜೋಗಿಯನ್ನೂ ಮಗು ನಂಬುತ್ತದೆ.

ಈ ದಾರಿ ಮುಂದುವರಿಯುವ ಬದಲು ಕರಾವಳಿಯ ಪ್ರತಿಭೆ ಬೇರೊಂದು ದಿಕ್ಕಿಗೆ ತಿರುಗಿತು. ಶಿವರಾಮ ಕಾರಂತರ ‘ಬಾಲಪ್ರಪಂಚ’ (1936) ಬೆರಗನ್ನು ಕಲ್ಪನೆಯಿಂದ ವಾಸ್ತವಕ್ಕೆ ವರ್ಗಾಯಿಸಿತು: ನಕ್ಷತ್ರ, ಪ್ರಾಣಿ, ಯಂತ್ರಗಳೇ ಸಾಕಷ್ಟು ಆಶ್ಚರ್ಯಕರವೆಂಬುದು ಅದರ ಹಿಂದಿನ ನಂಬಿಕೆ. ಇದೇ ನಂಬಿಕೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ದಲ್ಲಿ (1980) ಕಾದಂಬರಿಯ ರೂಪ ತಾಳಿತು. ಅದು ಮಕ್ಕಳಿಗೆಂದು ಬರೆದ ಕೃತಿಯಲ್ಲ. ಆದರೂ ಹದಿಹರೆಯದವರು ಅದನ್ನು ತಮ್ಮದಾಗಿಸಿಕೊಂಡಿದ್ದಾರೆ. ವಿಜ್ಞಾನಿ, ಕೃಷಿಕ, ಹಳ್ಳಿಯ ಮಂದಣ್ಣ, ನಾಯಿ ಕಿವಿ ಇವರೆಲ್ಲ ಕೂಡಿ ಹಾರುವ ಓತಿಯನ್ನು ಹುಡುಕಿ ಕಾಡು ಹೊಕ್ಕುವ ಆ ಕಥೆಯ ಕಟ್ಟು ಶುದ್ಧ ಸಾಹಸ ಕಥನದ್ದೇ. ಹುಡುಕಿದ್ದು ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುವ ಅಂತ್ಯವು ಯಾವ ನೀತಿಯನ್ನೂ ಬೋಧಿಸುವುದಿಲ್ಲ. ಶಾಲೆಯ ಲೆಕ್ಕಕ್ಕೆ ದಡ್ಡನಾದವನೇ ಕಾಡಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾಣಬಲ್ಲವನೆಂಬ ಅರಿವು ಮಾತ್ರ ಉಳಿಯುತ್ತದೆ. ಎಳೆಯ ಓದುಗರಿಗೆ ಅದು ಸಣ್ಣ ಸಂಗತಿಯಲ್ಲ.

ಇತ್ತೀಚೆಗೆ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕೃತಿಗಳಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಸೇರಿವೆ. ಜೀವನಚರಿತ್ರೆ ಮತ್ತು ಪದ್ಯಗಳ ಆಚೆಗೆ ಮಕ್ಕಳ ಕಾದಂಬರಿಗೆ ಮನ್ನಣೆ ದೊರೆತಿರುವುದು ಒಳ್ಳೆಯ ಸೂಚನೆ. ಆದರೆ ಧಾರವಾಡ, ಸಿದ್ದಾಪುರ, ಕುಂದಾಪುರಗಳ ಪರಿಸರದ ಲೇಖಕರಿಂದ ಬಂದ ಇಂತಹ ಕಥನ ಚಂದ್ರಗಿರಿಯ ಸೀಮೆಯಿಂದ ಇನ್ನೂ ಸಾಕಷ್ಟು ಬರಬೇಕಾಗಿದೆ. ಇಲ್ಲಿನ ಹಿರಿಯರು ಮಕ್ಕಳನ್ನು ಮರೆತವರಲ್ಲ. ಕಯ್ಯಾರ ಕಿಞ್ಞಣ್ಣ ರೈಗಳಂತಹವರು ಮಕ್ಕಳಿಗಾಗಿ ಪದ್ಯ ಬರೆದರು. ಗದ್ಯಕಥನದ ಹೊಣೆ ಮಾತ್ರ ಮುಂದಿನವರಿಗೆ ಉಳಿದುಕೊಂಡಿತು.

ಯಕ್ಷಗಾನ ಇರುವಾಗ ಬೇರೆ ಅದ್ಭುತವೇಕೆ ಎಂಬ ಆಕ್ಷೇಪ ಬರಬಹುದು. ಕುಂಬಳೆಯ ಪಾರ್ತಿಸುಬ್ಬನ ನಾಡಿನಲ್ಲಿ ಈ ಮಾತಿಗೆ ತೂಕವಿದೆ. ಆದರೆ ರಂಗಸ್ಥಳದ ಅನುಭವ ಸಾಮೂಹಿಕವಾದುದು, ಅದರ ಗತಿ ಭಾಗವತರ ಕೈಯಲ್ಲಿರುತ್ತದೆ. ಪುಟ ಹಿಂದಕ್ಕೆ ತಿರುಗಿಸಿ ಓದುವ, ಅರ್ಧದಲ್ಲಿ ನಿಲ್ಲಿಸಿ ಹೆದರುವ, ಒಬ್ಬರೇ ಇದ್ದು ಊಹಿಸುವ ಸ್ವಾತಂತ್ರ್ಯ ಓದಿನದು. ಭಾಷೆಯ ಮೇಲಿನ ಹಿಡಿತ ಬಲಿಯುವುದು ಆ ಸ್ವಾತಂತ್ರ್ಯದಲ್ಲಿ.

ಹಾಗಾದರೆ ದೈವಗಳನ್ನೇ ಪಾತ್ರಗಳಾಗಿಸಬೇಕೇ? ಇಲ್ಲಿ ಎಚ್ಚರ ಬೇಕು. ಪಾಡ್ದನವು ಅದನ್ನು ಹಾಡಿಕೊಂಡು ಬಂದ ಸಮುದಾಯಗಳ ಸೊತ್ತು. ಕಟ್ಟುವವರ, ಹಾಡುವವರ ಹೆಸರಳಿಸಿ ಕಥೆಯನ್ನಷ್ಟೇ ಎತ್ತಿಕೊಂಡರೆ ಬರ್ನೆಲ್ಲರ ಕಾಲದ ತಪ್ಪೇ ಬೇರೆ ವೇಷದಲ್ಲಿ ಮರುಕಳಿಸುತ್ತದೆ. ಆದರೆ ಪಾಡ್ದನದ ಒಳಗಿನ ನ್ಯಾಯದ ಪ್ರಶ್ನೆಯನ್ನು ಕಲಿಯುವುದಕ್ಕೆ ಯಾರ ಅಡ್ಡಿಯೂ ಇರಲಾರದು. ಕಲ್ಕುಡನ ಕಥೆಯನ್ನೇ ನೋಡಬಹುದು. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಇನ್ನೊಂದು ಕಡೆ ಅಂತಹುದನ್ನು ಕೆತ್ತಬಾರದೆಂದು ಅರಸ ಅವನ ಕೈಕಾಲು ಕಡಿಸುತ್ತಾನೆ. ತಂಗಿ ಕಲ್ಲುರ್ಟಿ ಅರಸನನ್ನು ಸುಮ್ಮನೆ ಬಿಡುವುದಿಲ್ಲ. ಪ್ರಭುತ್ವ, ಪ್ರತಿಭೆ, ಒಡಹುಟ್ಟಿದವರ ನಿಷ್ಠೆ, ಸೇಡಿನ ಬೆಲೆ: ಹದಿಹರೆಯದ ಓದುಗರನ್ನು ಯಾವ ದೇಶದಲ್ಲಿಯೂ ಕಾಡುವ ವಿಷಯಗಳಿವು. ಇಲ್ಲಿ ಅದ್ಭುತವೆಂಬುದು ಅನ್ಯಾಯ ಉಂಡವರಿಗೆ ಸತ್ತ ಮೇಲೆ ದೊರೆಯುವ ಬಲ. ಇಂಗ್ಲಿಷಿನಿಂದ ಬರುವ ಮಾಂತ್ರಿಕ ಶಾಲೆಗಳ, ಮುದ್ರೆಯುಂಗುರಗಳ ಅನುಕರಣೆ ಈ ಅರ್ಥವನ್ನು ಕೊಡಲಾರದು.

ಸಾಹಸಕ್ಕೆ ಬೇಕಾದ ನೆಲವೂ ಇಲ್ಲಿ ಸಿದ್ಧವಿದೆ. ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳು, ಅವುಗಳ ಕತ್ತಲು, ಬಾವಲಿಗಳು, ಮಳೆ ನಿಂತೊಡನೆ ಊರವರು ಕೂಡಿ ತೋಡಿಗೆ ಹಾಕುವ, ಏತಡ್ಕದಲ್ಲಿ ಹೆಸರಾದ ಕಟ್ಟಗಳು, ನಾಗಬನಗಳು. ಇದೇ ನೆಲದ ಮೇಲೆ ಎಂಡೋಸಲ್ಫಾನ್ ಸುರಿಯಿತೆಂಬುದೂ, ಬಾಧಿತ ಪಂಚಾಯತುಗಳಲ್ಲಿ ಕುಂಬ್ಡಾಜೆಯೂ ಒಂದೆಂಬುದೂ ಮಕ್ಕಳಿಗೆ ಗೊತ್ತು. ಅಂಬಿಕಾಸುತನ್ ಮಾಂಙಾಡ್ ಅವರ ‘ಎಣ್ಮಕಜೆ’ ಕಾದಂಬರಿ ಈ ದುರಂತವನ್ನು ಐತಿಹ್ಯದೊಂದಿಗೆ ಹೆಣೆದು ಮಲಯಾಳದಲ್ಲಿ ಬರೆಯಿತು. ಎಳೆಯರಿಗಾಗಿ ಕನ್ನಡದಲ್ಲಿ ಅಂತಹ ಧೈರ್ಯ ಬೇಕಾಗಿದೆ.

ಕೊನೆಯದಾಗಿ ಭಾಷೆಯ ಮಾತು. ಸುರಂಗದೊಳಗೆ ದೀಪ ಆರಿದಾಗ ಕಥೆಯ ಹುಡುಗಿ ಯಾವ ಭಾಷೆಯಲ್ಲಿ ಕೂಗುತ್ತಾಳೆ? ಪಠ್ಯಪುಸ್ತಕದ ಕನ್ನಡದಲ್ಲಿ ಕೂಗಿಸಿದರೆ ಕುಂಬ್ಡಾಜೆಯ ಓದುಗರು ನಗುತ್ತಾರೆ. ನಿರೂಪಣೆ ಕನ್ನಡದಲ್ಲಿದ್ದು, ಕೂಗು ತುಳುವಿನಲ್ಲಿಯೋ ಹವ್ಯಕದಲ್ಲಿಯೋ ಮಲಯಾಳದಲ್ಲಿಯೋ ಬಂದು, ಸಂದರ್ಭದಿಂದಲೇ ಅರ್ಥವಾಗುವಂತಿದ್ದರೆ ಕನ್ನಡವು ಈ ಭಾಷೆಗಳಿಗೆ ಎದುರಾಳಿಯಾಗಿ ಅಲ್ಲ, ಅವುಗಳನ್ನು ಒಳಗೊಳ್ಳುವ ಮನೆಯಾಗಿ ಕಾಣಿಸುತ್ತದೆ. ಭಾಷಾ ಅಲ್ಪಸಂಖ್ಯಾತರ ಅಧ್ಯಯನದಲ್ಲಿ ತೊಡಗಿರುವ ನಾವು ಶಾಲೆಗಳ, ವಿದ್ಯಾರ್ಥಿಗಳ ಸಂಖ್ಯೆಯನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಇಂತಹ ಪುಸ್ತಕಗಳನ್ನು ಓದಿ, ಗುಣದೋಷ ಹೇಳಿ, ಬರೆಯುವವರಿಗೆ ಗಂಭೀರ ಓದುಗರಿದ್ದಾರೆಂದು ತಿಳಿಸುವುದು ಈಗ ಆಗಬೇಕಾದ ಕೆಲಸ.