ಚೀಲದಲ್ಲೇ ಉಳಿದ ಟ್ಯೂಲಿಪ್

ಡಿಸೆಂಬರ್ ಅರ್ಧ ಕಳೆಯುತ್ತಿದ್ದಂತೆ ಇಂಗ್ಲೆಂಡಿನ ತೋಟದಂಗಡಿಗಳಲ್ಲಿ ಟ್ಯೂಲಿಪ್, ಡ್ಯಾಫೊಡಿಲ್ ಗೆಡ್ಡೆಗಳ ಬೆಲೆ ಬಿದ್ದುಹೋಗುತ್ತದೆ. ಸೆಪ್ಟೆಂಬರಿನಲ್ಲಿ ಪೊಟ್ಟಣದ ಮೇಲಿನ ಚಿತ್ರಕ್ಕೆ ಮನಸೋತು ಕೊಂಡವರ ಶೆಡ್ಡಿನಲ್ಲೂ ಅಷ್ಟು ಹೊತ್ತಿಗೆ ಒಂದೆರಡು ಚೀಲ ಬಿಚ್ಚದೆ ಉಳಿದಿರುತ್ತವೆ. ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ, ಜಿಟಿಜಿಟಿ ಮಳೆಯಲ್ಲಿ, ನೆಲ ಅಗೆಯುವ ಹುಮ್ಮಸ್ಸು ಯಾರಿಗಿದ್ದೀತು? ಲೆಸ್ಟರಿನಲ್ಲಿರುವ ಹಾಸನದ ಕಡೆಯ ಗೆಳೆಯರೊಬ್ಬರು ಹೊಸ ವರ್ಷದ ಶುಭಾಶಯ ಹೇಳಲು ಫೋನ್ ಮಾಡಿದವರು, ಕೊನೆಗೆ ಅಸಲು ವಿಷಯಕ್ಕೆ ಬಂದರು. "ಅಲ್ರೀ, ಟ್ಯೂಲಿಪ್ ಗೆಡ್ಡೆ ಚೀಲದಲ್ಲೇ ಮೊಳಕೆ ಬಂದ್ಬಿಟ್ಟಿದೆ. ಎಸೆಯೋದಾ, ಮುಂದಿನ ವರ್ಷಕ್ಕೆ ಇಟ್ಕೊಳ್ಳೋದಾ?"

ಎರಡೂ ಬೇಡ, ಈ ಭಾನುವಾರವೇ ನೆಡಿ ಅಂದೆ.

ರಾಗಿ, ಅವರೆ ಬಿತ್ತನೆಗೆಂದು ಕಟ್ಟಿಟ್ಟುಕೊಂಡ ಮನೆಗಳಿಂದ ಬಂದ ನಮಗೆ ಮುಂದಿನ ವರ್ಷದ ಯೋಚನೆ ಸಹಜ. ಆದರೆ ಬೀಜ ಕಾದಂತೆ ಗೆಡ್ಡೆ ಕಾಯುವುದಿಲ್ಲ. ಹೊರಗೆ ಒಣಸಿಪ್ಪೆ ಕಂಡರೂ ಒಳಗೆ ನೀರಿದೆ, ಉಸಿರಾಟ ನಡೆದಿದೆ, ಕೂಡಿಟ್ಟ ಪಿಷ್ಟ ದಿನವೂ ಅಷ್ಟಷ್ಟು ಖರ್ಚಾಗುತ್ತಿದೆ. ನಂಬಿಕೆ ಬರದಿದ್ದರೆ ಒಂದು ಟ್ಯೂಲಿಪ್ ಗೆಡ್ಡೆಯನ್ನು ಉದ್ದಕ್ಕೆ ಸೀಳಿ ನೋಡಿ. ದಪ್ಪ ಬಿಳಿ ಪದರಗಳ ನಡುವೆ, ಬುಡದ ಗಟ್ಟಿ ಬಿಲ್ಲೆಯ ಮೇಲೆ, ಹಳದಿ ಬಣ್ಣದ ಪುಟ್ಟ ಚಿಗುರೊಂದು ನಿಂತಿರುತ್ತದೆ. ಅದರ ಎಲೆಗಳನ್ನು ಸೂಜಿಯಿಂದ ಬಿಡಿಸಿ ಭೂತಗನ್ನಡಿ ಹಿಡಿದರೆ ಆರು ಎಸಳು, ಆರು ಕೇಸರ, ನಡುವೆ ಮೂರು ಮೂಲೆಯ ಅಂಡಾಶಯ, ಎಲ್ಲವೂ ಕಾಣುತ್ತದೆ. ಬೇಸಿಗೆಯಲ್ಲಿ ಉಗ್ರಾಣದಲ್ಲಿ ಬಿದ್ದಿದ್ದಾಗಲೇ ಗೆಡ್ಡೆ ಹೂವನ್ನು ಒಳಗೇ ಕಟ್ಟಿ ಮುಗಿಸಿರುತ್ತದೆ.

ಆಮೇಲೆ ಅದಕ್ಕೆ ಬೇಕಾದ್ದು ಚಳಿ. ಸುಮಾರು 9 ಡಿಗ್ರಿಗಿಂತ ಕೆಳಗೆ 12ರಿಂದ 16 ವಾರ. ಚಳಿ ಸಾಲದಿದ್ದರೆ ದಂಟು ಮೇಲೇಳದೆ ಹೂವು ಎಲೆಗಳ ಸಂದಿಯಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಇಂಥ ಫೋನ್ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ, ಚೀಲ ಇದ್ದದ್ದೆಲ್ಲಿ? ಹೀಟರ್ ಇಲ್ಲದ ಶೆಡ್ಡಿನಲ್ಲೋ ಗ್ಯಾರೇಜಿನಲ್ಲೋ ಇದ್ದಿದ್ದರೆ ಅರ್ಧ ಚಳಿ ಆಗಲೇ ಸಂದಾಯವಾಗಿದೆ. ಉಳಿದದ್ದನ್ನು ಜನವರಿ, ಫೆಬ್ರವರಿಯ ನೆಲ ಕೊಡುತ್ತದೆ. ಅಡುಗೆಮನೆಯಲ್ಲಿ, ಬಾಯ್ಲರ್ ಪಕ್ಕದ ಬೀರುವಿನಲ್ಲಿ ಬೆಚ್ಚಗೆ ಕೂತಿದ್ದರೆ ಆಸೆ ಕಡಿಮೆ. ಸೇಬಿನ ಬುಟ್ಟಿಯ ಜೊತೆಗಿದ್ದರಂತೂ ಇನ್ನೂ ಕಷ್ಟ. ಹಣ್ಣು ಮಾಗುವಾಗ ಬಿಡುವ ಎಥಿಲೀನ್ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಸುಟ್ಟಂತೆ ಸತ್ತುಹೋಗುತ್ತದೆ. ಹೊರಗಿನಿಂದ ಅದು ತಿಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಬರೀ ಎಲೆ ಬಂದಾಗಲೇ ಗೊತ್ತಾಗುವುದು.

ಉಳಿದ ಪರೀಕ್ಷೆ ಸಂತೆಯಲ್ಲಿ ಈರುಳ್ಳಿ ಆರಿಸಿದ ಹಾಗೆ. ಅಂಗೈಯಲ್ಲಿಟ್ಟು ತೂಕ ನೋಡಿ, ಹೆಬ್ಬೆರಳಿನಿಂದ ಬುಡ ಒತ್ತಿ. ಗಟ್ಟಿಯಾಗಿ ಭಾರವಿದ್ದರೆ ಸರಿ. ಮೇಲಿನ ಕಂದು ಸಿಪ್ಪೆ ಉದುರಿದ್ದರೆ, ಅಲ್ಲಲ್ಲಿ ನೀಲಿ ಬೂಷ್ಟು ಹಿಡಿದಿದ್ದರೆ ಗಾಬರಿ ಬೇಡ, ಒರೆಸಿ ನೆಟ್ಟರಾಯಿತು. ಬುಡ ಮೆತ್ತಗಾಗಿ ಹುಳಿ ವಾಸನೆ ಬಂದರೆ ಅದು ಕೊಳೆರೋಗ. ಅಂಥದ್ದನ್ನೂ ಗಾಳಿಯಂತೆ ಹಗುರಾದವನ್ನೂ ಎಸೆಯಿರಿ. ಕೈಗವಸು ಹಾಕಿಕೊಳ್ಳುವುದು ಒಳ್ಳೆಯದು. ಟ್ಯೂಲಿಪ್ ರಸಕ್ಕೆ ಬೆರಳ ತುದಿ ಒಡೆಯುವುದು ಡಚ್ ಕೆಲಸಗಾರರಿಗೆ ಹಳೆಯ ಕಾಟ.

ಟ್ಯೂಲಿಪ್ ವಿಷಯದಲ್ಲಿ ತಡ ಮಾಡಿದವರಿಗೆ ಶಾಸ್ತ್ರದ ಬೆಂಬಲವೂ ಉಂಟು. ಇಲ್ಲಿನ ಹಳೆ ತೋಟಗಾರರು ನವೆಂಬರ್‌ಗೆ ಮೊದಲು ಟ್ಯೂಲಿಪ್ ನೆಡುವುದೇ ಇಲ್ಲ. ಮಣ್ಣು ಬೆಚ್ಚಗಿದ್ದರೆ ಟ್ಯೂಲಿಪ್ ಫೈರ್ ಎಂಬ ಬೂಷ್ಟುರೋಗ ತಗಲಿ ಎಲೆ ಬೆಂಕಿ ಸೋಕಿದಂತೆ ಸುರುಟುತ್ತದೆ. ಡ್ಯಾಫೊಡಿಲ್ ಹಾಗಲ್ಲ. ಅದಕ್ಕೆ ಬೇರು ಬಿಡಲು ಬಹಳ ಕಾಲ ಬೇಕು, ಸೆಪ್ಟೆಂಬರ್ ಮುಗಿಯುವುದರೊಳಗೆ ಮಣ್ಣು ಸೇರಬೇಕು. ಜನವರಿಯಲ್ಲಿ ನೆಟ್ಟದ್ದು ಮೊದಲ ವರ್ಷ ಗಿಡ್ಡ ದಂಟಿನಲ್ಲಿ ತಡವಾಗಿ ಅರಳುತ್ತದೆ, ಇಲ್ಲವೇ ಅರಳುವುದೇ ಇಲ್ಲ. ಆದರೂ ನೆಟ್ಟುಬಿಡಿ, ಮರುವರ್ಷ ತನ್ನ ಕಾಲಕ್ಕೆ ಬಂದು ಸೇರಿಕೊಳ್ಳುತ್ತದೆ. ಸ್ನೋಡ್ರಾಪ್, ಫ್ರಿಟಿಲೇರಿಯಾದಂಥ ಚಿಕ್ಕವನ್ನು ಮಾತ್ರ ಅಗ್ಗವೆಂದು ಕೊಳ್ಳಬೇಡಿ. ಫ್ರಿಟಿಲೇರಿಯಾಕ್ಕೆ ಕಾಪಾಡುವ ಸಿಪ್ಪೆಯೇ ಇಲ್ಲ. ಅಂಗಡಿಯ ಗೂಟಕ್ಕೆ ನೇತುಬಿದ್ದೇ ಒಣಗಿರುತ್ತದೆ.

ಹೋದ ವರ್ಷದ್ದು, ಒಂದು ಋತು ಪೂರ್ತಿ ಮಣ್ಣು ಕಾಣದೆ ಉಳಿದದ್ದು? ದಪ್ಪ ಡ್ಯಾಫೊಡಿಲ್ ಒಂದೊಂದು ಬದುಕಿದ್ದೀತು. ಟ್ಯೂಲಿಪ್ ಮುಗಿದ ಕಥೆ. ಅದು ಮಣ್ಣಿನಲ್ಲಿದ್ದರೂ ಪ್ರತಿವರ್ಷ ತಾಯಿಗೆಡ್ಡೆ ಕರಗಿ ಮರಿಗೆಡ್ಡೆ ಹುಟ್ಟುವ ಜಾತಿ. ಚೀಲದಲ್ಲಿ ಮರಿ ಎಲ್ಲಿಂದ ಬರಬೇಕು? 1944-45ರ ಚಳಿಗಾಲದಲ್ಲಿ, ನಾಜಿಗಳ ಹಿಡಿತದಲ್ಲಿದ್ದ ನೆದರ್ಲೆಂಡ್ಸ್‌ನಲ್ಲಿ ಬರಗಾಲ ಬಿದ್ದಾಗ, ಯುದ್ಧದಿಂದಾಗಿ ನೆಡದೆ ಉಗ್ರಾಣಗಳಲ್ಲಿ ಉಳಿದಿದ್ದ ಟ್ಯೂಲಿಪ್ ಗೆಡ್ಡೆಗಳನ್ನು ಜನ ಬೇಯಿಸಿ ತಿಂದರು. ನಡುವಿನ ಹಳದಿ ಚಿಗುರು ವಿಷವೆಂದು ಅದನ್ನು ಕಿತ್ತು ಉಳಿದದ್ದನ್ನು ಆಲೂಗೆಡ್ಡೆಯ ಬದಲಿಗೆ ಹಾಕುತ್ತಿದ್ದರು. ಕೂಡಿಟ್ಟ ಟ್ಯೂಲಿಪ್ ಇಷ್ಟು ದೊಡ್ಡ ಲೆಕ್ಕದಲ್ಲಿ ಜೀವ ಉಳಿಸಿದ್ದು ಬಹುಶಃ ಅದೊಂದೇ ಸಲ.

ನೆಡುವುದು ಸುಲಭ. ಗೆಡ್ಡೆಯ ಎತ್ತರದ ಮೂರು ಪಟ್ಟು ಆಳ, ಅಂದರೆ ಟ್ಯೂಲಿಪ್‌ಗೆ 15ರಿಂದ 20 ಸೆಂಟಿಮೀಟರ್, ಗೇಣಿಗೆ ತುಸು ಕಡಿಮೆ. ಚೂಪು ತುದಿ ಮೇಲೆ. ಬೇರು ಬಂದಿದ್ದರೆ ಮಣ್ಣಿಗೆ ಅದುಮಬೇಡಿ, ಗುಂಡಿಯಲ್ಲಿಟ್ಟು ಸುತ್ತ ಸಡಿಲವಾಗಿ ಮಣ್ಣು ಬಿಡಿ. ಮುರಿದ ಟ್ಯೂಲಿಪ್ ಬೇರು ಮತ್ತೆ ಚಿಗುರುವುದಿಲ್ಲ. ಅನುಮಾನದ ಗೆಡ್ಡೆಗಳನ್ನೆಲ್ಲ ಒಂದೇ ಕುಂಡಕ್ಕೆ ಹಾಕುವುದು ನನಗೆ ಇಷ್ಟ. ಬಂದರೆ ಬಾಗಿಲ ಬಳಿ ಇಡಬಹುದು, ಬಾರದಿದ್ದರೆ ಪಾತಿಯಲ್ಲಿ ಬೋಳು ಕಾಣುವುದಿಲ್ಲ. ಕುಂಡದ ಮೇಲೊಂದು ಜಾಲರಿ ಇರಲಿ. ಅಳಿಲು ಟ್ಯೂಲಿಪ್ಪನ್ನು ಬಿಡುವುದಿಲ್ಲ, ವಿಷದ ಡ್ಯಾಫೊಡಿಲ್ ಮುಟ್ಟುವುದಿಲ್ಲ.

ಉಳಿದ ಗೆಡ್ಡೆಯನ್ನು ಬೆಂಗಳೂರಿಗೆ ಒಯ್ದು ಅಮ್ಮನಿಗೆ ಕೊಡಲೇ ಎಂದು ಕೇಳುವವರಿದ್ದಾರೆ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಒಯ್ಯುವ ಹಾಗಿಲ್ಲ. ಒಯ್ದರೂ ಅಲ್ಲಿನ ಡಿಸೆಂಬರ್ ಟ್ಯೂಲಿಪ್ ಪಾಲಿಗೆ ಬೇಸಿಗೆಯೇ. ಅಮ್ಮನಿಗೆ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯವರು ಬೆಳೆಸಿದ ಪ್ರಜ್ವಲ್ ತಳಿಯ ಸುಗಂಧರಾಜದ ಗೆಡ್ಡೆ ತರಿಸಿಕೊಡಿ, ಪರಿಮಳವಾದರೂ ದಕ್ಕುತ್ತದೆ.

ಹೂವು ಮುಗಿದ ಮೇಲೆ ಕುಂಡದ ಟ್ಯೂಲಿಪ್ಪನ್ನು ನಾನು ಗೊಬ್ಬರದ ಗುಂಡಿಗೆ ಹಾಕುತ್ತೇನೆ, ಮರುಕವಿಲ್ಲ. ಡ್ಯಾಫೊಡಿಲ್ ಎಲೆಯನ್ನು ಮಾತ್ರ ಆರು ವಾರ ಮುಟ್ಟಬೇಡಿ. ಮುಂದಿನ ಹೂವಿಗೆ ಬೇಕಾದ ಊಟವನ್ನೆಲ್ಲ ಅದೇ ಬೇಯಿಸುತ್ತಿರುತ್ತದೆ. ಅಂಗಳ ಚೊಕ್ಕಟ ಕಾಣಲೆಂದು ಆ ಎಲೆಗಳನ್ನು ಮಡಿಸಿ ಗಂಟು ಹಾಕುವವರನ್ನು ಇಲ್ಲಿ ಬೀದಿ ಬೀದಿಯಲ್ಲೂ ಕಾಣಬಹುದು. ಮರುವರ್ಷ ಹೂವು ಯಾಕೆ ಬರಲಿಲ್ಲ ಎಂದು ಕೇಳುವವರೂ ಅವರೇ.