ಕಣಜದ ನಾಡಿನಲ್ಲಿ ಬಿಸಿಯೂಟ

ತುಂಗಭದ್ರೆಯ ಎಡದಂಡೆ ನಾಲೆಯ ನೀರುಂಡು ಭತ್ತದ ಕಣಜವೆಂದು ಹೆಸರಾದ ಸಿಂಧನೂರು, ಹಟ್ಟಿಯ ಚಿನ್ನದ ಗಣಿಯನ್ನು ಒಡಲಲ್ಲಿ ಧರಿಸಿರುವ ಲಿಂಗಸುಗೂರು, ಚಿನ್ನವನ್ನರಸಿ ಬಂದ ಬೀಡನ್ ಎಂಬ ಇಂಜಿನಿಯರನಿಗೆ 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ಕಾಣಿಸಿಕೊಟ್ಟ ಮಸ್ಕಿ, ರಾಯಚೂರು ಜಿಲ್ಲೆಯ ಈ ಮೂರರ ಸೀಮೆಯಲ್ಲಿ ಮಕ್ಕಳು ಹಸಿದಿರುವುದಕ್ಕೆ ಸಂಪತ್ತಿನ ಅಭಾವವು ಕಾರಣವಲ್ಲ. 2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ನಾಲೆಯ ಸಿಂಧನೂರೂ ಗಣಿಯ ಲಿಂಗಸುಗೂರೂ ಆ ಪಟ್ಟಿಯಲ್ಲಿದ್ದುವು. ಮಸ್ಕಿ ಆಗಿನ್ನೂ ತಾಲೂಕಾಗಿರಲಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ರಾಯಚೂರೂ ಸೇರಿ 7 ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹವೆಂಬ ಶಾಲಾ ಬಿಸಿಯೂಟ ಯೋಜನೆಯನ್ನು ಈ ನೆಲದಲ್ಲಿ ನಿಂತೇ ತೂಗಿ ನೋಡುವುದು ಯುಕ್ತ.

ಈ ಯೋಜನೆಯ ಗುಣವನ್ನು ಮನಸಾರೆ ಒಪ್ಪಬೇಕು. ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ಇಲ್ಲಿಯ ಹಳ್ಳಿಗಳಲ್ಲಿ ಸಣ್ಣ ಸಂಗತಿಯಲ್ಲ. 2021ರ ಡಿಸೆಂಬರಿನಲ್ಲಿ ಹಿಂದುಳಿದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರಿಂದ ಬಂದ ವಿರೋಧವು, ಬೇಡವೆಂದ ಮಗುವಿಗೆ ಬಾಳೆಹಣ್ಣು ದೊರೆಯುತ್ತಿದ್ದಾಗಲೂ, ಬೇಕೆಂದ ಬಡಮಗುವಿನ ತಟ್ಟೆಯಿಂದ ಅದನ್ನು ಕಿತ್ತುಕೊಳ್ಳಹೊರಟಿತೆಂಬ ಕಾರಣದಿಂದ, ನನಗೆ ಅನ್ಯಾಯವೆಂದೇ ತೋರುತ್ತದೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಾರಕ್ಕೆ 6 ದಿನವಾಯಿತು. ಆದರೆ ಮೊಟ್ಟೆಗೆ ಗೊತ್ತುಮಾಡಿದ 6 ರೂಪಾಯಿಯನ್ನು ಪೇಟೆಯ ಧಾರಣೆ ಮೀರಿದಾಗ ಆ ಹೊರೆ ಮುಖ್ಯೋಪಾಧ್ಯಾಯರ ಜೇಬಿಗೆ ಬೀಳುತ್ತದೆ. ಅಡುಗೆಯ ಹೆಂಗಸರು ಅಲ್ಪ ಗೌರವಧನಕ್ಕೆ ದುಡಿಯುತ್ತಾರೆ. ಒಬ್ಬ ಬಡವನ ಊಟ ಇನ್ನೊಬ್ಬ ಬಡವಳ ಸೋವಿ ದುಡಿಮೆಯ ಮೇಲೆ ನಿಲ್ಲತಕ್ಕದ್ದಲ್ಲ.

ಇದಕ್ಕಿಂತ ಹಿರಿದಾದ ಕೊರತೆ ಬೇರೆಯೇ ಇದೆ. ಬಿಸಿಯೂಟವು ಶಾಲೆಗೆ ಬಂದ ಮಗುವಿನದು. ದೇಹವೂ ಬುದ್ಧಿಯೂ ರೂಪುಗೊಳ್ಳುವ ಮೊದಲ ವರ್ಷಗಳಾದರೋ ಅದಕ್ಕೆ ಮುಂಚೆಯೇ ಕಳೆದುಹೋಗಿರುತ್ತವೆ. ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಉಣ್ಣತಕ್ಕದ್ದೆಂದು 2017ರಲ್ಲಿ ಹೊರಟ ಮಾತೃಪೂರ್ಣ ಯೋಜನೆಯು, ಆಹಾರ ಮನೆಯ ಉಳಿದವರ ಪಾಲಾಗದೆ ತಾಯಿಗೇ ಸೇರಲೆಂಬ ಸದ್ಭಾವದಿಂದ ಹುಟ್ಟಿದುದಾದರೂ, ನಾಟಿಯ ಕಾಲದಲ್ಲಿ ಗದ್ದೆಯ ಕೆಸರಿನಲ್ಲಿ ಬಗ್ಗಿ ನಿಂತ ಕೂಲಿಯವಳು ಆ ದಿನದ ಪಗಾರವನ್ನು ಕಳೆದುಕೊಳ್ಳದೆ ಅಷ್ಟು ದೂರ ನಡೆದುಬರಲಾರಳೆಂಬುದನ್ನು ಎಣಿಕೆಗೆ ತಂದುಕೊಳ್ಳಲಿಲ್ಲ. ಮಳೆ ಕೈಕೊಟ್ಟ ವರ್ಷ ಲಿಂಗಸುಗೂರು, ಮಸ್ಕಿಗಳ ಒಣಬೇಸಾಯದ ಹಳ್ಳಿಗಳಿಂದ ಬೆಂಗಳೂರಿಗೂ ಪುಣೆಗೂ ಗುಳೆ ಹೋಗುವ ಕುಟುಂಬಗಳ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ, ಮಗು ಉಳಿಯುವುದಿಲ್ಲ. 2024ರ ಬರದ ಬೇಸಿಗೆಯಲ್ಲಿ ರಜೆಯಲ್ಲೂ ಊಟ ಬಡಿಸಿದುದು ಶ್ಲಾಘ್ಯವೇ. ಆದರೂ ಕಟ್ಟಡದ ಕೆಲಸದ ಶೆಡ್ಡಿನಲ್ಲಿ ತಮ್ಮನನ್ನು ಎತ್ತಿಕೊಂಡು ಕುಳಿತ ಹುಡುಗಿಗೆ ಅದರಿಂದ ಏನು ದೊರೆತೀತು?

ನೀರು ಬಂದೂ ಬಡತನ ಉಳಿದ ಬಗೆಯನ್ನು ಕಾಣದೆ ಈ ವಿಮರ್ಶೆ ಪೂರ್ಣವಾಗದು. 1953ರಲ್ಲಿ ತುಂಗಭದ್ರೆಯ ನಾಲೆಯಲ್ಲಿ ಹರಿಯಲಾರಂಭಿಸಿದ ನೀರನ್ನು ಬಹುಪಾಲು ಜೋಳ, ಹತ್ತಿಗಳಂಥ ಮಿತನೀರಿನ ಬೆಳೆಗಳಿಗೆಂದು ಯೋಜಿಸಿದ್ದರು. ನೀರಾವರಿಯ ಅಭ್ಯಾಸವಿಲ್ಲದ ಸ್ಥಳೀಯರಲ್ಲಿ ಅನೇಕರು ಅಗ್ಗದ ಬೆಲೆಗೆ ಹೊಲ ಮಾರಿದರು. ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲಸಿದ ರೈತರು ಭತ್ತವನ್ನು ಬೆಳೆದರು. ಅವರ ಶ್ರಮವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಮಾರಿದವರ ಮಕ್ಕಳು ಕೂಲಿಗಳಾದರು, ನಾಲೆಯ ಕೆಳಭಾಗ ಒಣಗಿತು, ಕೊಯ್ಲಿನ ಯಂತ್ರ ಬಂದು ಕೂಲಿಯೂ ಕ್ಷೀಣಿಸಿತು, ರೊಟ್ಟಿ ಬೇಳೆಗಳಿದ್ದ ತಟ್ಟೆಯನ್ನು ಬಿಳಿಯ ಅನ್ನವೇ ತುಂಬಿತು. ನೀರೇ ಮುಟ್ಟದ ಮಸ್ಕಿಯ ಹಳ್ಳಿಗಳವರು 5ಎ ಕಾಲುವೆಗಾಗಿ 2020ರಿಂದ ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತುದಕ್ಕೂ ಶಾಲೆಯ ಬಿಸಿಯೂಟಕ್ಕೂ ಇರುವ ಸಂಬಂಧವನ್ನು ಸರಕಾರದ ಕಡತಗಳು ಕಾಣುವುದಿಲ್ಲ: ಅದು ಒಂದು ಇಲಾಖೆಯದು, ಇದು ಮತ್ತೊಂದರದು. ಆದುದರಿಂದ ಇವೆರಡನ್ನೂ ಕೂಡಿಸಿ ನೋಡಬೇಕು. ನಾಟಿಯ ತಿಂಗಳುಗಳಲ್ಲಿ ತಾಯಂದಿರ ಊಟವು ಗದ್ದೆಯ ಬದುವಿಗೇ ಹೋಗಬೇಕು. ಗುಳೆ ಹೊರಡುವ ಮೊದಲೇ ಹಳ್ಳಿಯಲ್ಲಿ ಋತುಮಾನದ ವಸತಿಶಾಲೆ ತೆರೆಯಬೇಕು. ಮಗುವಿನ ತೂಕವನ್ನು ಬರೆದುಕೊಳ್ಳುವ ಪುಸ್ತಕದಲ್ಲಿ ಅದರ ಮನೆಯವರಿಗೆ ಆ ತಿಂಗಳು ಎಷ್ಟು ದಿನ ಕೂಲಿ ದೊರೆಯಿತೆಂಬುದನ್ನೂ ಬರೆಯಬೇಕು.